ಗಣಕದ ಕಿಟಕಿಯಲ್ಲಿ ಧ್ವನಿಯೂ ಚಲನೆಯೂ

೧. ಪೀಠಿಕೆ

ಮೇಜಿನ ಮೇಲಿನ ಗಣಕಯಂತ್ರಕ್ಕಾಗಿ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು ಇಂದು ನಮ್ಮ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ ಹೊಸ ಸಂಗತಿಯಲ್ಲ. ಸಂಖ್ಯೆಗಳನ್ನು ಓದಿಕೊಂಡು ಉತ್ತರವನ್ನು ಅಚ್ಚುಮಾಡುವ ಪ್ರೋಗ್ರಾಮನ್ನು ಬರೆಯಲು ಕಲಿತವರಿಗೆ, ಆ ಉತ್ತರವು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ಕಾಣಬೇಕು, ಸಾಧ್ಯವಾದರೆ ಕಿವಿಗೂ ಕೇಳಬೇಕು ಎಂಬ ಆಸೆ ಹುಟ್ಟುವುದು ಸಹಜವೇ. ಲೋಲಕದ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ, ಆ ಸೂತ್ರದಿಂದಲೇ ತೂಗಾಡುವ ಲೋಲಕವೊಂದನ್ನು ತೋರಿಸಿದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಅದು ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಈ ಕೆಲಸವನ್ನು ಕೈಗೊಂಡವರೆಲ್ಲರೂ ಬೇಗನೆ ಕೆಲವು ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಚಿತ್ರ ಮಿನುಗುತ್ತದೆ, ಕಿಟಕಿ ಮರಗಟ್ಟಿ ನಿಲ್ಲುತ್ತದೆ, ಧ್ವನಿ ತಡವಾಗಿ ಬರುತ್ತದೆ, ಇಲ್ಲವೇ ಕರ್ಕಶವಾಗಿ ಒಡೆಯುತ್ತದೆ.

ಇವೆಲ್ಲ ಅಂದಚೆಂದದ ಪ್ರಶ್ನೆಗಳು ಮಾತ್ರವೆಂದು ನಾವೂ ಒಮ್ಮೆ ಭಾವಿಸಿದ್ದೆವು. ಹಾಗಲ್ಲವೆಂಬುದನ್ನು ಕಲಿಸಿದ್ದು ನಮ್ಮ ಪ್ರಯೋಗಶಾಲೆಯಲ್ಲಿಯೇ ನಡೆದ ಒಂದು ಘಟನೆ. ೧೯.೬ ಮೀಟರು ಎತ್ತರದ ಗೋಪುರದಿಂದ ಚೆಂಡೊಂದು ಬೀಳುವುದನ್ನು ತೋರಿಸುವ ಪ್ರೋಗ್ರಾಮನ್ನು ನಾವು ಬರೆದಿದ್ದೆವು. ಚೆಂಡು ನೆಲ ಮುಟ್ಟಿದೊಡನೆ ‘ಠಕ್’ ಎಂಬ ಶಬ್ದ ಕೇಳಿಸುವಂತೆಯೂ ಏರ್ಪಡಿಸಿದ್ದೆವು. ವಿದ್ಯಾರ್ಥಿಗಳು ಸ್ಟಾಪ್‌ವಾಚು ಹಿಡಿದು ಕಾಲವನ್ನು ಅಳೆದು, ಗುರುತ್ವದ ವೇಗೋತ್ಕರ್ಷವನ್ನು ತಾವೇ ಕಂಡುಹಿಡಿಯಬೇಕಾಗಿತ್ತು. ಬರೆದ ಯಂತ್ರದಲ್ಲಿ ಚೆಂಡು ಎರಡು ಸೆಕೆಂಡಿನಲ್ಲಿ ಬೀಳುತ್ತಿತ್ತು. ಪ್ರಯೋಗಶಾಲೆಯ ಯಂತ್ರಗಳಲ್ಲಿ ಅದಕ್ಕೆ ಮೂರು ಸೆಕೆಂಡಿಗೂ ಮಿಕ್ಕಿ ಹಿಡಿಯಿತು. ಆ ಅಳತೆಯಿಂದ ಲೆಕ್ಕ ಮಾಡಿದರೆ ವೇಗೋತ್ಕರ್ಷವು ೯.೮ರ ಬದಲು ಸುಮಾರು ೪ ಎಂದು ಬರುತ್ತದೆ. ಆದರೆ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕಗಳನ್ನು ತಿದ್ದಲು ಕುಳಿತಾಗ ನಮಗೆ ಕಂಡದ್ದು ೯.೮ ಎಂಬ ಉತ್ತರವೇ! ತಾವು ಕಣ್ಣಾರೆ ಕಂಡು ಅಳೆದದ್ದನ್ನು ಬಿಟ್ಟು, ಪಠ್ಯಪುಸ್ತಕದ ಸಂಖ್ಯೆಗೆ ಸರಿಹೊಂದುವ ಅಳತೆಗಳನ್ನು ಅವರು ಬರೆದಿದ್ದರು. ತಪ್ಪು ಮಾಡಿದವರು ನಾವು. ಆದರೆ ತಮ್ಮ ಕಣ್ಣನ್ನೇ ನಂಬಬಾರದೆಂಬ ಪಾಠವನ್ನು ಕಲಿತವರು ಅವರು. ವಿಜ್ಞಾನವನ್ನು ಬೋಧಿಸುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಆದಕಾರಣ ಧ್ವನಿ ಮತ್ತು ಚಲನೆಗಳನ್ನು ಪ್ರೋಗ್ರಾಮಿನೊಳಕ್ಕೆ ತರುವ ಬಗೆಯನ್ನೂ, ಅಲ್ಲಿ ತಪ್ಪು ನುಸುಳುವ ದಾರಿಗಳನ್ನೂ ಈ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಯಾವುದೇ ಒಂದು ಭಾಷೆಯ ಆದೇಶಗಳನ್ನು ಪಟ್ಟಿಮಾಡುವುದು ನಮ್ಮ ಉದ್ದೇಶವಲ್ಲ. ಆದೇಶಗಳು ಬದಲಾಗುತ್ತವೆ, ತತ್ತ್ವಗಳು ಉಳಿಯುತ್ತವೆ.

೨. ಹಿನ್ನೆಲೆ

ಗಣಕಯಂತ್ರಕ್ಕೆ ದನಿ ಬಂದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿದ್ದ ಫೆರಾಂಟಿ ಮಾರ್ಕ್ ೧ ಯಂತ್ರಕ್ಕೆ ಒಂದು ಧ್ವನಿವರ್ಧಕವನ್ನು ಜೋಡಿಸಲಾಗಿತ್ತು. ಲೆಕ್ಕದ ನಡೆಯನ್ನು ಕಿವಿಯಿಂದ ತಿಳಿಯುವುದು ಅದರ ಉದ್ದೇಶ. ಅದೇ ಆದೇಶವನ್ನು ತಕ್ಕ ಅವಧಿಗೊಮ್ಮೆ ಮತ್ತೆ ಮತ್ತೆ ಕೊಟ್ಟರೆ ಸ್ವರ ಹೊರಡುವುದನ್ನು ಕಂಡು, ಕ್ರಿಸ್ಟೋಫರ್ ಸ್ಟ್ರೇಚಿ ಎಂಬವರು ಆ ಯಂತ್ರದಿಂದ ಹಾಡುಗಳನ್ನು ನುಡಿಸಿದರು. ೧೯೫೧ರಲ್ಲಿ ಬಿ.ಬಿ.ಸಿ. ಅದನ್ನು ಧ್ವನಿಮುದ್ರಿಸಿಕೊಂಡಿತು.

೧೯೮೧ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿದ್ದ ಪುಟ್ಟ ಸ್ಪೀಕರೂ ಇದೇ ಜಾತಿಯದು. ಅದರಲ್ಲಿ ಸೆಕೆಂಡಿಗೆ ಸುಮಾರು ೧೧,೯೩,೧೮೨ ಬಾರಿ ಮಿಡಿಯುವ ಗಡಿಯಾರವೊಂದಿತ್ತು. ಆ ಮಿಡಿತಗಳನ್ನು ಬೇಕಾದ ಸಂಖ್ಯೆಯಿಂದ ಭಾಗಿಸಿ ಸ್ಪೀಕರಿಗೆ ಕಳುಹಿಸಬಹುದಾಗಿತ್ತು. ೨,೭೧೨ರಿಂದ ಭಾಗಿಸಿದರೆ ೪೪೦ ಹರ್ಟ್ಸ್‌ಗೆ ಅತಿ ಸಮೀಪದ ಸ್ವರ ದೊರೆಯುತ್ತದೆ. ಆದರೆ ಆ ಸ್ಪೀಕರಿಗೆ ಗೊತ್ತಿದ್ದುದು ‘ಒಳಗೆ’ ಮತ್ತು ‘ಹೊರಗೆ’ ಎಂಬ ಎರಡೇ ಸ್ಥಿತಿಗಳು. ಸ್ವರದ ಎತ್ತರವನ್ನು ಬದಲಿಸಬಹುದಾಗಿತ್ತೇ ಹೊರತು ಅದರ ಗುಣವನ್ನಲ್ಲ. ೧೯೮೪ರ ಮೆಕಿಂಟಾಷ್ ಯಂತ್ರದಲ್ಲಿಯೂ, ೧೯೮೯ರಿಂದ ಹರಡಿದ ಸೌಂಡ್ ಬ್ಲಾಸ್ಟರ್ ಮುಂತಾದ ಧ್ವನಿಫಲಕಗಳಲ್ಲಿಯೂ ತರಂಗದ ಆಕಾರವನ್ನೇ ಅಂಕೆಗಳಿಂದ ಕೊಡುವ ಸೌಕರ್ಯ ಬಂದಿತು. ೧೯೯೧ರಲ್ಲಿ ಮೈಕ್ರೊಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು ‘ವೇವ್’ ಕಡತದ ರೂಪವನ್ನು ಗೊತ್ತುಪಡಿಸಿದ ಮೇಲೆ ಧ್ವನಿಯನ್ನು ಕಡತವಾಗಿ ಇಟ್ಟುಕೊಳ್ಳುವುದು ಸಾಮಾನ್ಯ ಸಂಗತಿಯಾಯಿತು.

೩. ಚಲನೆಯೆಂಬ ತೋರಿಕೆ

ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ಸ್ಥಾನ ಬದಲಿಸಿದ ನಿಶ್ಚಲ ಚಿತ್ರಗಳು ಒಂದಾದಮೇಲೊಂದು ಬರುತ್ತವೆ, ಅಷ್ಟೆ. ಬೆಲ್ಜಿಯಮ್ಮಿನ ಜೋಸೆಫ್ ಪ್ಲೇಟೋ ೧೮೩೨ರಲ್ಲಿ ತಿರುಗುವ ತಟ್ಟೆಯ ಅಂಚಿನಲ್ಲಿ ಚಿತ್ರಗಳನ್ನು ಬರೆದು, ಸೀಳುಗಂಡಿಗಳ ಮೂಲಕ ನೋಡಿ, ಈ ತೋರಿಕೆಯನ್ನು ಪಡೆದರು. ಕಣ್ಣಿನ ಪೊರೆಯ ಮೇಲೆ ಚಿತ್ರವು ಕ್ಷಣಕಾಲ ನಿಲ್ಲುವುದೇ ಇದಕ್ಕೆ ಕಾರಣವೆಂದು ಹಳೆಯ ಪುಸ್ತಕಗಳು ಹೇಳುತ್ತವೆ. ಅಷ್ಟೇ ಸಾಲದು. ೧೯೧೨ರಲ್ಲಿ ಮ್ಯಾಕ್ಸ್ ವರ್ಟೈಮರ್ ಎರಡು ಗೆರೆಗಳನ್ನು ಒಂದಾದಮೇಲೊಂದರಂತೆ ತೋರಿಸಿ ಪರೀಕ್ಷಿಸಿದರು. ನಡುವಣ ಅಂತರ ಸುಮಾರು ೨೦೦ ಮಿಲಿಸೆಕೆಂಡಾದರೆ ಎರಡು ಬೇರೆ ಬೇರೆ ಗೆರೆಗಳು ಕಾಣುತ್ತವೆ. ೩೦ ಆದರೆ ಎರಡೂ ಒಟ್ಟಿಗೇ ಕಾಣುತ್ತವೆ. ೬೦ರ ಹತ್ತಿರ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಾಣುತ್ತದೆ. ಚಲನೆಯನ್ನು ಕಟ್ಟಿಕೊಳ್ಳುವುದು ಮಿದುಳಿನ ಕೆಲಸವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ರೂಢಿ. ಸಾಮಾನ್ಯವಾದ ಗಣಕದ ಪರದೆ ಸೆಕೆಂಡಿಗೆ ೬೦ ಬಾರಿ, ಅಂದರೆ ಸುಮಾರು ೧೬.೭ ಮಿಲಿಸೆಕೆಂಡಿಗೊಮ್ಮೆ, ತನ್ನ ಚಿತ್ರವನ್ನು ನವೀಕರಿಸುತ್ತದೆ. ಬೋಧನೆಯ ಸರಳ ಚಿತ್ರಗಳಿಗೆ ಸೆಕೆಂಡಿಗೆ ೩೦ ಚಿತ್ರಗಳಾದರೂ ಸಾಕು. ಆದರೆ ಅವು ಸಮನಾದ ಅಂತರದಲ್ಲಿ ಬರಬೇಕು.

ಈಗ ಪ್ರೋಗ್ರಾಮಿನ ಒಳಗನ್ನು ನೋಡೋಣ. ಕಿಟಕಿಯುಳ್ಳ ಯಾವ ಪ್ರೋಗ್ರಾಮೂ ಒಬ್ಬನೇ ಗುಮಾಸ್ತನಿರುವ ಕಚೇರಿಯಂತೆ. ಗುಂಡಿ ಒತ್ತಿದ್ದು, ಮೌಸು ಸರಿದದ್ದು, ಕಿಟಕಿಯನ್ನು ಮತ್ತೆ ಬಿಡಿಸಬೇಕಾದದ್ದು ಇವೆಲ್ಲವೂ ಅರ್ಜಿಗಳಾಗಿ ಸರತಿಯಲ್ಲಿ ಬರುತ್ತವೆ. ಗುಮಾಸ್ತನು ಒಂದೊಂದನ್ನಾಗಿ ವಿಲೇವಾರಿ ಮಾಡುತ್ತಾನೆ. ಹೊಸಬರು ಸಾಮಾನ್ಯವಾಗಿ ‘ಚೆಂಡನ್ನು ಸರಿಸು, ಸ್ವಲ್ಪ ನಿದ್ರಿಸು, ಮತ್ತೆ ಸರಿಸು’ ಎಂದು ಒಂದು ಸುತ್ತನ್ನು ಬರೆದುಬಿಡುತ್ತಾರೆ. ಆಗ ಗುಮಾಸ್ತನು ಒಂದೇ ಅರ್ಜಿಯ ಮೇಲೆ ತಲೆಯಿಟ್ಟು ಮಲಗಿದಂತಾಗುತ್ತದೆ. ಉಳಿದ ಅರ್ಜಿಗಳು ಬಾಗಿಲಲ್ಲಿ ಕಾಯುತ್ತವೆ, ಕಿಟಕಿ ಮರಗಟ್ಟುತ್ತದೆ, ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಯಂತ್ರವೇ ದೂರು ಹೇಳುತ್ತದೆ. ಸರಿಯಾದ ಮಾರ್ಗವೆಂದರೆ, ಒಂದು ಹೆಜ್ಜೆಯಷ್ಟು ಕೆಲಸ ಮಾಡಿ, ‘ಇಷ್ಟು ಮಿಲಿಸೆಕೆಂಡಿನ ಮೇಲೆ ನನ್ನನ್ನು ಮತ್ತೆ ಕರೆ’ ಎಂದು ಚೀಟಿ ಬರೆದಿಟ್ಟು ಹಿಂದಿರುಗುವುದು. ವಿಂಡೋಸ್ ವ್ಯವಸ್ಥೆಯ ಟೈಮರು, ಪೈಥಾನ್ ಭಾಷೆಯ ಟಿಕಿಂಟರ್ ಸಲಕರಣೆಯ ‘ಆಫ್ಟರ್’ ಆದೇಶ, ಇವು ಮಾಡುವುದು ಇದನ್ನೇ.

೪. ಕಾಲವನ್ನು ಎಣಿಸುವುದಲ್ಲ, ಕೇಳುವುದು

ನಮ್ಮ ಚೆಂಡಿನ ತಪ್ಪು ಇದ್ದದ್ದು ಇಲ್ಲಿಯೇ. ‘೧೦ ಮಿಲಿಸೆಕೆಂಡಿಗೊಮ್ಮೆ ಕರೆ’ ಎಂದು ನಾವು ಕೇಳಿದ್ದೆವು. ಪ್ರತಿಯೊಂದು ಕರೆಯೂ ೧೦ ಮಿಲಿಸೆಕೆಂಡಿಗೇ ಬಂದಿತೆಂದು ನಂಬಿ ಕಾಲವನ್ನು ಕೂಡಿಕೊಂಡು ಹೋಗಿದ್ದೆವು. ಆದರೆ ಟೈಮರು ಕೊಡುವ ಮಾತು ‘೧೦ಕ್ಕಿಂತ ಮೊದಲು ಕರೆಯುವುದಿಲ್ಲ’ ಎಂಬಷ್ಟೇ. ವಿಂಡೋಸ್ ವ್ಯವಸ್ಥೆಯ ಗಡಿಯಾರವು ಸಾಮಾನ್ಯ ಸ್ಥಿತಿಯಲ್ಲಿ ಸೆಕೆಂಡಿಗೆ ೬೪ ಬಾರಿ, ಅಂದರೆ ೧೫.೬೨೫ ಮಿಲಿಸೆಕೆಂಡಿಗೊಮ್ಮೆ, ಮಿಡಿಯುತ್ತದೆ. ೧೦ ಕೇಳಿದವರಿಗೆ ಅದರ ಮುಂದಿನ ಮಿಡಿತದಲ್ಲಿ ಕರೆ ಬರುವುದುಂಟು. ಹೀಗಾದಾಗ ಪ್ರೋಗ್ರಾಮಿನೊಳಗಿನ ಒಂದು ಸೆಕೆಂಡು ಹೊರಗಿನ ೧.೫೬೨೫ ಸೆಕೆಂಡಾಗುತ್ತದೆ. ಎರಡು ಸೆಕೆಂಡಿನ ಬೀಳುವಿಕೆಗೆ ೩.೧೨೫ ಸೆಕೆಂಡು ಹಿಡಿಯುತ್ತದೆ. ವೇಗೋತ್ಕರ್ಷವು ಕಾಲದ ವರ್ಗಕ್ಕೆ ವಿಲೋಮವಾಗಿರುವುದರಿಂದ ೯.೮ನ್ನು ೧.೫೬೨೫ರ ವರ್ಗವಾದ ೨.೪೪ರಿಂದ ಭಾಗಿಸಬೇಕು, ಬರುವುದು ೪.೦. ಮಂಗಳಗ್ರಹದ ಮೇಲೆ ಈ ಬೆಲೆ ೩.೭ ಇರುವುದನ್ನು ನೆನೆದರೆ, ನಮ್ಮ ಗೋಪುರವು ಭೂಮಿಗಿಂತ ಮಂಗಳಕ್ಕೇ ಹತ್ತಿರವಾಗಿತ್ತು!

‘ಆಫ್ಟರ್’ ಬಗೆಯ ಆದೇಶದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಚಿತ್ರವನ್ನು ಬಿಡಿಸಲು ೫ ಮಿಲಿಸೆಕೆಂಡು ಹಿಡಿದು, ಆಮೇಲೆ ‘೨೦ ಮಿಲಿಸೆಕೆಂಡಿನ ಮೇಲೆ ಕರೆ’ ಎಂದರೆ ಹೆಜ್ಜೆಗೆ ಹೆಜ್ಜೆಗೆ ನಡುವೆ ೨೫ ಮಿಲಿಸೆಕೆಂಡಾಗುತ್ತದೆ. ಸಾವಿರ ಹೆಜ್ಜೆಗಳಲ್ಲಿ ಐದು ಸೆಕೆಂಡು ಸೋರಿಹೋಗುತ್ತದೆ.

ಪರಿಹಾರ ಸರಳವಾದದ್ದು. ಕರೆಗಳನ್ನು ಎಣಿಸಿ ಕಾಲವನ್ನು ಊಹಿಸಬಾರದು. ಪ್ರತಿ ಕರೆಯಲ್ಲಿಯೂ ಯಂತ್ರದ ನಿಖರವಾದ ಗಡಿಯಾರವನ್ನು ಕೇಳಿ, ಚೆಂಡನ್ನು ಬಿಟ್ಟ ಕ್ಷಣದಿಂದ ನಿಜವಾಗಿ ಎಷ್ಟು ಕಾಲ ಕಳೆದಿದೆಯೆಂದು ತಿಳಿದು, ಆ ಕಾಲಕ್ಕೆ ಚೆಂಡು ಎಲ್ಲಿರಬೇಕೋ ಅಲ್ಲಿ ಬಿಡಿಸಬೇಕು. ಆಗ ಯಂತ್ರ ನಿಧಾನವಾಗಿದ್ದರೆ ಚಿತ್ರಗಳ ಸಂಖ್ಯೆ ಕಡಿಮೆಯಾದೀತೇ ಹೊರತು ಚೆಂಡು ತಡವಾಗಿ ಬೀಳುವುದಿಲ್ಲ. ಚಲನೆ ತುಸು ಒರಟಾಗಬಹುದು, ಸುಳ್ಳಾಗುವುದಿಲ್ಲ.

ಸ್ಥಾನವನ್ನು ನೇರವಾಗಿ ಕೊಡುವ ಸೂತ್ರವಿಲ್ಲದೆ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಮಾಡಬೇಕಾದಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಎರಡು ಸೆಕೆಂಡಿನ ಆವರ್ತಕಾಲವುಳ್ಳ ಲೋಲಕವನ್ನು ೨೦ ಮಿಲಿಸೆಕೆಂಡಿನ ಹೆಜ್ಜೆಗಳಿಂದ ತೂಗಿಸೋಣ. ಹಳೆಯ ವೇಗದಿಂದ ಹೊಸ ಸ್ಥಾನವನ್ನೂ, ಹಳೆಯ ಸ್ಥಾನದಿಂದ ಹೊಸ ವೇಗವನ್ನೂ ಕಂಡುಹಿಡಿಯುವುದು ಆಯ್ಲರನ ಸರಳ ವಿಧಾನ. ಈ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಲೋಲಕದ ಶಕ್ತಿ ಸಾವಿರಕ್ಕೆ ಸುಮಾರು ನಾಲ್ಕು ಪಾಲಿನಷ್ಟು ಹೆಚ್ಚುತ್ತದೆ. ಹತ್ತು ಸೆಕೆಂಡು ಕಳೆಯುವುದರೊಳಗೆ ತೂಗಾಟದ ವಿಸ್ತಾರ ಎರಡೂವರೆ ಪಟ್ಟನ್ನು ಮೀರುತ್ತದೆ. ಯಾರೂ ನೂಕದೆ ತಾನೇ ಹೆಚ್ಚು ಹೆಚ್ಚು ತೂಗುವ ಲೋಲಕ! ಮೊದಲು ವೇಗವನ್ನು ತಿದ್ದಿಕೊಂಡು, ಆ ಹೊಸ ವೇಗದಿಂದಲೇ ಸ್ಥಾನವನ್ನು ತಿದ್ದಿದರೆ ಈ ದೋಷ ಬೆಳೆಯದೆ ನಿಲ್ಲುತ್ತದೆ. ಎರಡು ಸಾಲುಗಳ ಹಿಂದುಮುಂದಿನಲ್ಲಿ ಶಕ್ತಿಯ ನಿತ್ಯತ್ವವೇ ಅಡಗಿದೆಯೆಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಸ್ವತಃ ಒಂದು ಒಳ್ಳೆಯ ಪಾಠ.

೫. ಮಿನುಗು ಮತ್ತು ಮರೆಯ ಪುಟ

ಹಳೆಯ ಚಿತ್ರವನ್ನು ಅಳಿಸಿ ಹೊಸದನ್ನು ಕಣ್ಣೆದುರೇ ಬಿಡಿಸಿದರೆ, ನಡುವಣ ಬರಿದಾದ ಪರದೆಯೂ ಆಗಾಗ ಕಣ್ಣಿಗೆ ಬೀಳುತ್ತದೆ. ಇದೇ ಮಿನುಗು. ಇದಕ್ಕೆ ಮದ್ದು ಎರಡು ಪುಟಗಳನ್ನು ಇಟ್ಟುಕೊಳ್ಳುವುದು. ಕಾಣದ ಪುಟದ ಮೇಲೆ ಚಿತ್ರವನ್ನು ಪೂರ್ತಿಯಾಗಿ ಬಿಡಿಸಿ, ಸಿದ್ಧವಾದ ಮೇಲೆ ಒಂದೇ ಬಾರಿಗೆ ಕಾಣುವ ಪುಟಕ್ಕೆ ವರ್ಗಾಯಿಸಬೇಕು. ನಾಟಕದ ತೆರೆಯ ಹಿಂದೆ ರಂಗಸಜ್ಜಿಕೆಯನ್ನು ಬದಲಿಸಿ ಆಮೇಲೆ ತೆರೆ ಎತ್ತುವಂತೆ ಇದು. ಟಿಕಿಂಟರಿನ ಕ್ಯಾನ್ವಾಸು ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ ಚೆಂಡನ್ನು ಅಳಿಸಿ ಬರೆಯುವ ಬದಲು, ಬರೆದ ಚೆಂಡಿಗೆ ಹೊಸ ಸ್ಥಾನವನ್ನು ಹೇಳಿದರೆ ಸಾಕು. ವಿಂಡೋಸಿನ ಮೂಲ ಆದೇಶಗಳಿಂದ ಬರೆಯುವವರು ಮರೆಯ ಪುಟವನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ಜೊತೆಗೆ ಹಿನ್ನೆಲೆಯನ್ನು ವ್ಯವಸ್ಥೆಯೇ ಅಳಿಸುವುದನ್ನು ತಡೆಯಬೇಕು.

೬. ಧ್ವನಿ ಅಂಕೆಗಳಾಗುವ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತವನ್ನು ಸಮನಾದ ಅಂತರದಲ್ಲಿ ಅಳೆದು ಬರೆದಿಟ್ಟ ಅಂಕೆಗಳ ಸಾಲೇ ಗಣಕದ ಧ್ವನಿ. ಒಂದೊಂದು ಅಳತೆಯನ್ನೂ ‘ಮಾದರಿ’ ಎಂದು ಕರೆಯೋಣ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಧ್ವನಿತಟ್ಟೆಯಲ್ಲಿ, ಅಂದರೆ ಸಿ.ಡಿ.ಯಲ್ಲಿ, ಸೆಕೆಂಡಿಗೆ ೪೪,೧೦೦ ಮಾದರಿಗಳಿರುತ್ತವೆ. ಪ್ರತಿಯೊಂದೂ ೧೬ ಬಿಟ್ಟುಗಳ ಸಂಖ್ಯೆ, ಅಂದರೆ −೩೨,೭೬೮ರಿಂದ ೩೨,೭೬೭ರವರೆಗಿನ ಒಂದು ಪೂರ್ಣಾಂಕ. ಎಡಬಲಗಳೆರಡನ್ನೂ ಸೇರಿಸಿದರೆ ಒಂದು ನಿಮಿಷದ ಧ್ವನಿಗೆ ೧,೦೫,೮೪,೦೦೦ ಬೈಟುಗಳು ಬೇಕಾಗುತ್ತವೆ.

ಸೆಕೆಂಡಿಗೆ ಎಷ್ಟು ಮಾದರಿಗಳಿದ್ದರೆ ಸಾಕು? ನೈಕ್ವಿಸ್ಟ್ ೧೯೨೮ರಲ್ಲಿ ಸೂಚಿಸಿ, ಶಾನನ್ ೧೯೪೯ರಲ್ಲಿ ಸಿದ್ಧಪಡಿಸಿದ ತತ್ತ್ವವು ಇದಕ್ಕೆ ಉತ್ತರ: ಧ್ವನಿಯಲ್ಲಿರುವ ಅತ್ಯಧಿಕ ಆವರ್ತನದ ಎರಡರಷ್ಟಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಧ್ವನಿ ಕಾಣೆಯಾಗುವುದಿಲ್ಲ, ವೇಷ ಮರೆಸಿಕೊಂಡು ಬರುತ್ತದೆ. ಸೆಕೆಂಡಿಗೆ ೮,೦೦೦ ಮಾದರಿಗಳಿಂದ ೫,೦೦೦ ಹರ್ಟ್ಸ್ ಸ್ವರವನ್ನು ಹಿಡಿಯಲು ಹೋದರೆ ಅದು ೩,೦೦೦ ಹರ್ಟ್ಸ್ ಸ್ವರವಾಗಿ ಕೇಳುತ್ತದೆ.

ಚಲನಚಿತ್ರದಲ್ಲಿ ರಥ ಮುಂದಕ್ಕೆ ಓಡುತ್ತಿದ್ದರೂ ಗಾಲಿ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡದವರಾರು? ಅದಕ್ಕೂ ಕಾರಣ ಇದೇ. ಎಂಟು ಅರಗಳ ಗಾಲಿ ಸೆಕೆಂಡಿಗೆ ಮೂರು ಸುತ್ತು ತಿರುಗಿದರೆ ೨೪ ಅರಗಳು ಒಂದೇ ಸ್ಥಾನವನ್ನು ದಾಟುತ್ತವೆ. ಸೆಕೆಂಡಿಗೆ ೨೪ ಚಿತ್ರ ತೆಗೆಯುವ ಕ್ಯಾಮರಾಕ್ಕೆ ಆ ಗಾಲಿ ನಿಂತೇ ಇರುವಂತೆ ಕಾಣುತ್ತದೆ. ವೇಗ ತುಸು ಕಡಿಮೆಯಾದರೆ ಹಿಂದಕ್ಕೆ ತಿರುಗಿದಂತಾಗುತ್ತದೆ. ಚಿತ್ರವಾಗಲಿ ಧ್ವನಿಯಾಗಲಿ, ನಿರಂತರವಾದುದನ್ನು ತುಣುಕುಗಳಲ್ಲಿ ಹಿಡಿಯುವ ಯತ್ನವೇ. ಎರಡಕ್ಕೂ ಒಂದೇ ನಿಯಮ, ಒಂದೇ ಬಗೆಯ ವಂಚನೆ.

ಸ್ವರವನ್ನು ಪ್ರೋಗ್ರಾಮೇ ಸೃಷ್ಟಿಸುವುದು ಕಷ್ಟವಲ್ಲ. ೪೪೦ ಹರ್ಟ್ಸ್ ಸ್ವರದ ಒಂದು ಆವರ್ತಕ್ಕೆ ಸುಮಾರು ೧೦೦ ಮಾದರಿಗಳು ಬೀಳುತ್ತವೆ; ಸೈನ್ ಕೋಷ್ಟಕದಿಂದ ಅವುಗಳ ಬೆಲೆಯನ್ನು ತುಂಬುತ್ತ ಹೋದರಾಯಿತು. ಆದರೆ ತರಂಗದ ನಡುವಿನಲ್ಲಿ ಥಟ್ಟನೆ ನಿಲ್ಲಿಸಿದರೆ ‘ಟಿಕ್’ ಎಂಬ ಅನಿಷ್ಟ ಶಬ್ದ ಬರುತ್ತದೆ. ಮೊದಲ ಮತ್ತು ಕೊನೆಯ ೧೦ ಮಿಲಿಸೆಕೆಂಡುಗಳಲ್ಲಿ, ಅಂದರೆ ೪೪೧ ಮಾದರಿಗಳಲ್ಲಿ, ಧ್ವನಿಯನ್ನು ಕ್ರಮವಾಗಿ ಏರಿಸಿ ಇಳಿಸಿದರೆ ಅದು ಅಡಗುತ್ತದೆ.

ಎರಡು ಧ್ವನಿಗಳನ್ನು ಬೆರೆಸುವುದೆಂದರೆ ಮಾದರಿಗಳನ್ನು ಕೂಡಿಸುವುದು. ಇಲ್ಲಿ ಎಚ್ಚರ ಬೇಕು. ೨೦,೦೦೦ಕ್ಕೆ ೨೦,೦೦೦ವನ್ನು ಕೂಡಿಸಿದರೆ ಬರುವ ೪೦,೦೦೦ವು ೧೬ ಬಿಟ್ಟುಗಳಲ್ಲಿ ಹಿಡಿಸುವುದಿಲ್ಲ. ಮಿತಿಯನ್ನು ಮೀರಿದ ಅಂಕೆ ಸುತ್ತುಹೊಡೆದು −೨೫,೫೩೬ ಆಗಿಬಿಡುತ್ತದೆ. ಶಿಖರವಿರಬೇಕಾದಲ್ಲಿ ಕಮರಿ ಬೀಳುತ್ತದೆ. ಕಿವಿಗೆ ಅದು ಕರ್ಕಶವಾದ ಒಡಕು. ಮೊದಲೇ ಪ್ರಮಾಣವನ್ನು ತಗ್ಗಿಸಿಕೊಳ್ಳುವುದು ಲೇಸು.

೭. ಧ್ವನಿಯನ್ನು ನುಡಿಸುವಲ್ಲಿ

ವಿಂಡೋಸಿನಲ್ಲಿ ಕಡತವನ್ನು ನುಡಿಸುವ ಅತ್ಯಂತ ಸುಲಭದ ಆದೇಶ ‘ಪ್ಲೇಸೌಂಡ್’. ಇದಕ್ಕೆ ಎರಡು ಬಗೆಗಳುಂಟು. ಒಂದರಲ್ಲಿ ಧ್ವನಿ ಮುಗಿಯುವವರೆಗೆ ಪ್ರೋಗ್ರಾಮು ಅಲ್ಲಿಯೇ ಕಾಯುತ್ತದೆ. ಗುಮಾಸ್ತನು ಸಂಗೀತ ಕೇಳುತ್ತ ಕುಳಿತುಬಿಡುತ್ತಾನೆ, ಚೆಂಡು ಗಾಳಿಯಲ್ಲಿಯೇ ನಿಲ್ಲುತ್ತದೆ. ಇನ್ನೊಂದರಲ್ಲಿ ಧ್ವನಿಯನ್ನು ಆರಂಭಿಸಿ ಒಡನೆಯೇ ಹಿಂದಿರುಗುತ್ತದೆ. ಚಲನೆಯೊಡನೆ ಬಳಸತಕ್ಕದ್ದು ಎರಡನೆಯದನ್ನೇ. ಆದರೂ ಅದು ಒಂದು ಕಾಲಕ್ಕೆ ಒಂದೇ ಧ್ವನಿಯನ್ನು ನುಡಿಸುತ್ತದೆ; ಎರಡನೆಯದನ್ನು ಕರೆದರೆ ಸಾಮಾನ್ಯವಾಗಿ ಮೊದಲನೆಯದು ಅರ್ಧಕ್ಕೆ ನಿಲ್ಲುತ್ತದೆ. ಹಲವು ಧ್ವನಿಗಳು ಒಟ್ಟಿಗೆ ಬೇಕಾದಲ್ಲಿ ನಾವೇ ಬೆರೆಸಿ, ಧ್ವನಿಫಲಕಕ್ಕೆ ಮಾದರಿಗಳನ್ನು ನೇರವಾಗಿ ಒದಗಿಸಬೇಕು.

ಹೀಗೆ ಒದಗಿಸುವುದನ್ನು ಮನೆಯ ನೀರಿನ ತೊಟ್ಟಿಗೆ ಹೋಲಿಸಬಹುದು. ತೊಟ್ಟಿಯ ನಲ್ಲಿಯಿಂದ ನೀರು ಒಂದೇ ಸಮನೆ ಹರಿಯುತ್ತಿದೆ: ಸೆಕೆಂಡಿಗೆ ೪೪,೧೦೦ ಮಾದರಿಗಳು. ನಾವು ಕೊಡಗಳಲ್ಲಿ ತಂದು ಸುರಿಯುತ್ತೇವೆ. ತೊಟ್ಟಿ ಚಿಕ್ಕದಾದರೆ, ಒಂದು ಕೊಡ ತಡವಾದರೂ ನಲ್ಲಿ ಗೊರಗೊರ ಎನ್ನುತ್ತದೆ. ಧ್ವನಿ ಕಡಿದು ಕಡಿದು ಬರುತ್ತದೆ. ತೊಟ್ಟಿ ದೊಡ್ಡದಾದರೆ ಆ ಭಯವಿಲ್ಲ. ಆದರೆ ಈಗ ಸುರಿದ ನೀರು ನಲ್ಲಿಗೆ ಬರುವಷ್ಟರಲ್ಲಿ ಕಾಲ ಕಳೆದಿರುತ್ತದೆ. ೧,೦೨೪ ಮಾದರಿಗಳ ತೊಟ್ಟಿಯಲ್ಲಿ ಈ ವಿಳಂಬ ೨೩ ಮಿಲಿಸೆಕೆಂಡು, ೪,೦೯೬ರದರಲ್ಲಿ ೯೩.

೮. ಕಣ್ಣು ಕಿವಿಗಳ ಹೊಂದಾಣಿಕೆ

ಇಷ್ಟು ವಿಳಂಬವನ್ನು ಕೇಳುಗರು ಗಮನಿಸುತ್ತಾರೆಯೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೧೯೯೮ರಲ್ಲಿ ದೂರದರ್ಶನ ಪ್ರಸಾರಕ್ಕಾಗಿ ಹೊರಡಿಸಿದ ಶಿಫಾರಸಿನ ಪ್ರಕಾರ, ಧ್ವನಿಯು ಚಿತ್ರಕ್ಕಿಂತ ೪೫ ಮಿಲಿಸೆಕೆಂಡು ಮುಂದಾದರೆ ಅದು ಗಮನಕ್ಕೆ ಬರತೊಡಗುತ್ತದೆ. ಹಿಂದಾದರೆ ೧೨೫ರವರೆಗೆ ಬರುವುದಿಲ್ಲ. ಮುಂದಾಗುವುದನ್ನು ನಾವು ಸಹಿಸದೆ ಹಿಂದಾಗುವುದನ್ನು ಸಹಿಸುವುದು ಸೋಜಿಗವಲ್ಲ. ಹೊಳೆಯ ಆಚೆಯ ದಡದಲ್ಲಿ ಅಗಸನು ಬಟ್ಟೆ ಒಗೆಯುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ೩೪ ಮೀಟರು ದೂರಕ್ಕೆ ಶಬ್ದವು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗುವುದು ನಿಸರ್ಗದ ನಿಯಮ. ಮೊದಲು ಸದ್ದು ಕೇಳಿ ಆಮೇಲೆ ಪೆಟ್ಟು ಬೀಳುವುದನ್ನು ಯಾರೂ ಎಲ್ಲಿಯೂ ಕಂಡಿಲ್ಲ.

ಹಾಗೆಂದು ಅಳತೆಯ ಪ್ರಯೋಗದಲ್ಲಿ ನೂರು ಮಿಲಿಸೆಕೆಂಡನ್ನು ಅಲಕ್ಷಿಸಲಾಗದು. ಚೆಂಡು ನೆಲ ಮುಟ್ಟಿತೇ ಎಂದು ಪ್ರತಿ ಚಿತ್ರದಲ್ಲಿಯೂ ಪರೀಕ್ಷಿಸಿ, ಮುಟ್ಟಿದ್ದರೆ ಧ್ವನಿಯನ್ನು ಕರೆಯುವುದು ಸಾಮಾನ್ಯ ರೂಢಿ. ಆದರೆ ನೆಲದ ಬಳಿ ಚೆಂಡಿನ ವೇಗ ಸೆಕೆಂಡಿಗೆ ೧೯.೬ ಮೀಟರು, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದು ೩೩ ಸೆಂಟಿಮೀಟರು ಸಾಗಿರುತ್ತದೆ. ಎಚ್ಚರ ತಪ್ಪಿದರೆ ಚೆಂಡು ನೆಲದೊಳಗೆ ಹುದುಗಿರುವ ಚಿತ್ರವೇ ಕಾಣುತ್ತದೆ. ಧ್ವನಿಯಾದರೋ ಒಂದು ಚಿತ್ರದಷ್ಟು ತಡವಾಗಿ ಹೊರಟು, ತೊಟ್ಟಿಯ ವಿಳಂಬವನ್ನೂ ಕೂಡಿಕೊಂಡು ಬರುತ್ತದೆ.

ಇದಕ್ಕಿಂತ ಉತ್ತಮವಾದ ಮಾರ್ಗವುಂಟು. ಚೆಂಡು ಯಾವಾಗ ಬೀಳುವುದೆಂಬುದು ನಮಗೆ ಮೊದಲೇ ಗೊತ್ತು: ಸರಿಯಾಗಿ ಎರಡು ಸೆಕೆಂಡಿಗೆ. ಆದುದರಿಂದ ಮಾದರಿಗಳ ಸಾಲಿನಲ್ಲಿ ೮೮,೨೦೦ನೆಯ ಸ್ಥಾನದಿಂದ ‘ಠಕ್’ ಶಬ್ದವನ್ನು ಮೊದಲೇ ಬರೆದಿಟ್ಟು, ಇಡೀ ಸಾಲನ್ನು ಚೆಂಡು ಬಿಡುವಾಗಲೇ ನುಡಿಸಲು ಆರಂಭಿಸಬೇಕು. ಆಮೇಲೆ ಚಿತ್ರವು ತನ್ನ ಕಾಲವನ್ನು ಧ್ವನಿಯಿಂದಲೇ ಕೇಳಿಕೊಳ್ಳಬೇಕು: ಈವರೆಗೆ ನಲ್ಲಿಯಿಂದ ಹೊರಬಿದ್ದ ಮಾದರಿಗಳೆಷ್ಟು? ಅದನ್ನು ೪೪,೧೦೦ರಿಂದ ಭಾಗಿಸಿದರೆ ಬರುವುದೇ ಈಗಿನ ಕಾಲ. ಚಿತ್ರದಲ್ಲಿ ಒಂದು ಫ್ರೇಮನ್ನು ಬಿಟ್ಟರೆ ಕಣ್ಣು ಕ್ಷಮಿಸುತ್ತದೆ. ಧ್ವನಿಯಲ್ಲಿ ಒಂದು ತುಣುಕನ್ನು ಬಿಟ್ಟರೆ ಕಿವಿ ಕ್ಷಮಿಸದು. ಆದುದರಿಂದ ಚಿತ್ರವೇ ಧ್ವನಿಯನ್ನು ಹಿಂಬಾಲಿಸಬೇಕು. ಧ್ವನಿಫಲಕದ ಗಡಿಯಾರವೂ ಯಂತ್ರದ ಗಡಿಯಾರವೂ ಬೇರೆ ಬೇರೆ; ಅವುಗಳ ನಡುವೆ ಹತ್ತು ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ ೦.೩೬ ಸೆಕೆಂಡಿನ ಅಂತರ ಬೀಳುತ್ತದೆ. ಒಂದೇ ಗಡಿಯಾರವನ್ನು ನಂಬುವುದಕ್ಕೆ ಇದು ಇನ್ನೊಂದು ಕಾರಣ.

೯. ಒಂದು ಉದಾಹರಣೆ: ತಂಬೂರಿಯ ಶ್ರುತಿ

ಮೇಲಿನ ಮಾತುಗಳೆಲ್ಲ ಒಟ್ಟಿಗೆ ಬರುವ ಪಾಠವೊಂದನ್ನು ಸೂಚಿಸುತ್ತೇವೆ. ತಂಬೂರಿಯ ನಡುವಣ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸುವಾಗ, ಅವು ಪೂರ್ತಿ ಕೂಡದಿದ್ದರೆ ನಾದವು ಅಲೆ ಅಲೆಯಾಗಿ ಏರಿಳಿಯುತ್ತದೆ. ಒಂದು ೨೨೦, ಇನ್ನೊಂದು ೨೨೨ ಬಾರಿ ಕಂಪಿಸಿದರೆ ಏರಿಳಿತ ಸೆಕೆಂಡಿಗೆ ಎರಡು. ಅಲೆಗಳು ನಿಧಾನವಾಗುತ್ತ ಕೊನೆಗೆ ಅಡಗುವವರೆಗೆ ಬಿರಡೆಯನ್ನು ತಿರುಗಿಸುವುದೇ ಶ್ರುತಿಮಾಡುವವರ ಕೌಶಲ.

ಪ್ರೋಗ್ರಾಮಿನಲ್ಲಿ ೧೫,೦೦೦ ಗರಿಷ್ಠ ಬೆಲೆಯ ಎರಡು ಸೈನ್ ತರಂಗಗಳನ್ನು ಕೂಡಿಸಿದರೆ ಮೊತ್ತ ೩೦,೦೦೦ವನ್ನು ಮೀರುವುದಿಲ್ಲವಾಗಿ ಒಡಕಿನ ಭಯವಿಲ್ಲ. ಎರಡನೆಯ ಆವರ್ತನವನ್ನು ಬದಲಿಸಲು ಬಿರಡೆಯ ಬದಲು ಜಾರುಗುಂಡಿಯೊಂದನ್ನು ಇಡಬಹುದು. ಪರದೆಯ ಮೇಲೆ ಏನನ್ನು ತೋರಿಸಬೇಕು? ತಂತಿಯ ಕಂಪನವನ್ನು ಇದ್ದ ವೇಗದಲ್ಲಿಯೇ ತೋರಿಸಹೊರಟರೆ ರಥದ ಗಾಲಿಯ ಕಥೆಯೇ ಆಗುತ್ತದೆ: ಸೆಕೆಂಡಿಗೆ ೨೨೦ ಬಾರಿಯ ಕಂಪನವು ೬೦ ಚಿತ್ರಗಳ ಪರದೆಯಲ್ಲಿ ೨೦ ಬಾರಿಯದಾಗಿ ಕಾಣುತ್ತದೆ. ಆದುದರಿಂದ ಕಂಪನವನ್ನು ನೂರು ಪಟ್ಟು ನಿಧಾನವಾಗಿ ತೋರಿಸಿ, ಹಾಗೆ ನಿಧಾನಿಸಿದೆಯೆಂದು ಚಿತ್ರದ ಕೆಳಗೆ ಕಡ್ಡಾಯವಾಗಿ ಬರೆಯಬೇಕು. ನಾದದ ಏರಿಳಿತವನ್ನಾದರೋ, ಹಿಗ್ಗಿ ಕುಗ್ಗುವ ವೃತ್ತವೊಂದರಿಂದ, ನಿಜವಾದ ವೇಗದಲ್ಲಿಯೇ ತೋರಿಸಬಹುದು; ಸೆಕೆಂಡಿಗೆ ಎರಡು ಬಾರಿಯ ಚಲನೆ ಕಣ್ಣಿಗೆ ಸುಲಭ. ವೃತ್ತವು ಹಿಗ್ಗಿದಾಗಲೇ ನಾದವೂ ತುಂಬಿಬಂದರೆ, ಎರಡು ತರಂಗಗಳು ಕೂಡುವುದೆಂದರೇನೆಂಬುದನ್ನು ವಿವರಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ.

ಈ ನಾದ ತಂಬೂರಿಯದಲ್ಲವೆಂದು ಸಂಗೀತ ಬಲ್ಲ ವಿದ್ಯಾರ್ಥಿಗಳು ಆಕ್ಷೇಪಿಸುವುದು ಖಂಡಿತ. ಅವರ ಮಾತು ಸರಿ. ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ಎಳೆಯಿಂದ ಹೇಗೆ ಮೇಲುಸ್ವರಗಳ ಸಮೃದ್ಧಿಯುಂಟಾಗುತ್ತದೆ ಎಂಬುದನ್ನು ಸಿ. ವಿ. ರಾಮನ್ ಅವರು ಭಾರತೀಯ ತಂತಿವಾದ್ಯಗಳನ್ನು ಕುರಿತ ೧೯೨೧ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ೪೪೦, ೬೬೦, ೮೮೦ ಮುಂತಾದ ಮೇಲುಸ್ವರಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ, ಒಣ ಸ್ವರವು ತುಂಬುನಾದದ ಕಡೆಗೆ ಸಾಗುವುದನ್ನು ಕೇಳಿಸುವುದು ಮುಂದಿನ ಪಾಠವಾದೀತು.

೧೦. ಮಿತಿ

ಧ್ವನಿ ಚಲನೆಗಳು ಕೈಗೆ ಸುಲಭವಾಗಿ ಬಂದೊಡನೆ ಅವುಗಳನ್ನು ಎಲ್ಲೆಡೆಯೂ ತುಂಬುವ ಮೋಹ ಹುಟ್ಟುತ್ತದೆ. ಮೊರೇನೊ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ೨೦೦೦ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಿವರಣೆಯೊಡನೆ ಸಾಗುವ ಚಲಚ್ಚಿತ್ರಕ್ಕೆ ಹಿನ್ನೆಲೆ ಸಂಗೀತವನ್ನು ಸೇರಿಸಿದಾಗ ವಿದ್ಯಾರ್ಥಿಗಳ ಕಲಿಕೆ ಕುಗ್ಗಿತೇ ಹೊರತು ಹೆಚ್ಚಲಿಲ್ಲ. ಪಾಠಕ್ಕೆ ಬೇಡವಾದ ಸದ್ದು ಪಾಠಕ್ಕೆ ಅಡ್ಡಿಯೇ. ಕಣ್ಣಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನ ದೂರದರ್ಶನದಲ್ಲಿ ಮಕ್ಕಳ ಸಜೀವಚಿತ್ರವೊಂದರ ಕೆಂಪು ನೀಲಿ ಬೆಳಕುಗಳು ಅತಿವೇಗದಿಂದ ಮಿನುಗಿದ್ದರಿಂದ, ಆರುನೂರಕ್ಕೂ ಮಿಕ್ಕಿದ ವೀಕ್ಷಕರನ್ನು ಆಸ್ಪತ್ರೆಗೆ ಸ
ೇರಿಸಬೇಕಾಯಿತು. ಪರದೆಯ ಯಾವ ಭಾಗವೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚಬಾರದೆಂಬುದು ಈಗ ಸರ್ವಮಾನ್ಯವಾದ ನಿಯಮ. ಧ್ವನಿಯಿಂದ ತಿಳಿಯುವ ಪ್ರತಿಯೊಂದು ಸಂಗತಿಯೂ ಕಿವಿ ಕೇಳದ ವಿದ್ಯಾರ್ಥಿಗೆ ಅಕ್ಷರದಲ್ಲಿಯೋ ಚಿತ್ರದಲ್ಲಿಯೋ ದೊರೆಯುವಂತಿರಬೇಕು. ಧ್ವನಿಯನ್ನು ಅಡಗಿಸುವ, ಚಲನೆಯನ್ನು ನಿಲ್ಲಿಸುವ ಗುಂಡಿಗಳು ಕಣ್ಣಿಗೆ ಕಾಣುವಲ್ಲಿಯೇ ಇರಬೇಕು.

೧೧. ಉಪಸಂಹಾರ

ನಾವು ಹೇಳಿದ್ದರ ಸಾರವಿಷ್ಟು. ಸ್ವಲ್ಪ ಕೆಲಸ ಮಾಡಿ ಸರತಿಗೆ ಹಿಂದಿರುಗಬೇಕು. ಕಾಲವನ್ನು ಊಹಿಸದೆ ಗಡಿಯಾರವನ್ನು ಕೇಳಬೇಕು. ಚಿತ್ರವನ್ನು ಮರೆಯಲ್ಲಿ ಬಿಡಿಸಿ ಒಂದೇ ಬಾರಿಗೆ ತೋರಿಸಬೇಕು. ಧ್ವನಿಯ ತೊಟ್ಟಿ ಬರಿದಾಗದಂತೆಯೂ ಅನಾವಶ್ಯಕವಾಗಿ ಹಿರಿದಾಗದಂತೆಯೂ ನೋಡಿಕೊಳ್ಳಬೇಕು. ಧ್ವನಿ ನುಡಿಯುತ್ತಿರುವಲ್ಲಿ ಅದರ ಕಾಲವನ್ನೇ ಚಿತ್ರವು ಅನುಸರಿಸಬೇಕು.

ಚೆಂಡಿನ ಪ್ರೋಗ್ರಾಮನ್ನು ನಾವು ತಿದ್ದಿದೆವು. ಆದರೆ ಹಳೆಯದನ್ನು ಅಳಿಸಿಹಾಕಲಿಲ್ಲ. ಈಗ ಅದನ್ನೇ ಮೊದಲು ವಿದ್ಯಾರ್ಥಿಗಳ ಕೈಗೆ ಕೊಟ್ಟು, ತಾವು ಕಂಡ ಕಾಲವನ್ನು ಕಂಡಂತೆಯೇ ಬರೆಯಿರಿ ಎನ್ನುತ್ತೇವೆ. ನಾಲ್ಕು ಎಂಬ ಉತ್ತರವನ್ನು ಅಳುಕದೆ ಬರೆದು ತಂದು, ‘ನಿಮ್ಮ ಪ್ರೋಗ್ರಾಮು ತಪ್ಪಾಗಿದೆ’ ಎಂದು ಹೇಳುವ ವಿದ್ಯಾರ್ಥಿಗೆ ಆ ದಿನದ ಪ್ರಯೋಗದಲ್ಲಿ ಪೂರ್ಣಾಂಕ. ಅನಂತರ ತಪ್ಪು ಎಲ್ಲಿದೆಯೆಂದು ಎಲ್ಲರೂ ಕೂಡಿ ಹುಡುಕುತ್ತೇವೆ.